ಹಳೆಯ ಕ್ಲಾರಿನೆಟ್ಟನ್ನು ದುರಸ್ತಿಗೆ ಕೊಡುವ ಮುನ್ನ

ಕಾರವಾರದ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡ್ ಜೊತೆ ಕ್ಲಾರಿನೆಟ್ ನುಡಿಸುತ್ತಿದ್ದ ನಾನು, ಸುಮಾರು 20 ವರ್ಷಗಳ ಬಳಿಕ, ಕಳೆದ ಮಳೆಗಾಲ ಮುಗಿದ ಮೇಲೆ ಅಟ್ಟದಿಂದ ವಾದ್ಯವನ್ನು ಕೆಳಗಿಳಿಸಿದೆ. ಎಡಗೈಯ ಸ್ವರಗಳು ಹೇಗೋ ಹೊರಟವು. ಬಲಗೈಯ ರಂಧ್ರಗಳನ್ನೂ ಮುಚ್ಚುತ್ತ ಕೆಳಗಿಳಿದಂತೆ ಸ್ವರ ಬಾಡಿ, ಕೊನೆಗೆ ಬರೀ ಕೀರಲು ಸದ್ದು ಉಳಿಯಿತು. ಕೆಳಗಿನ ಸ್ವರ ಕೆಟ್ಟಿದ್ದರೆ ಕೆಳಗಿನ ಕೀಗಳೇ (ರಂಧ್ರಗಳನ್ನು ಮುಚ್ಚಿ ತೆರೆಯುವ ಲೋಹದ ಸನ್ನೆಗಳು) ಕೆಟ್ಟಿರಬೇಕೆಂದು ನಂಬಿ, ಹಾರ್ಮೋನಿಯಂ, ತಬಲಾ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಹಾಗೆಯೇ ಹೇಳಿ ವಾದ್ಯವನ್ನು ಬಿಟ್ಟುಬಂದೆ.

ವಾರದ ನಂತರ ಕೈಗೆ ಬಂದ ವಾದ್ಯ ಮೊದಲಿಗಿಂತ ಕೆಟ್ಟಿತ್ತು. ಕೆಳತುಂಡಿನ ಪ್ಯಾಡುಗಳನ್ನೆಲ್ಲ (ಕೀಯ ಅಡಿಯಲ್ಲಿದ್ದು ರಂಧ್ರ ಮುಚ್ಚುವ ಮೆತ್ತೆಗಳು) ಕಿತ್ತು ಸೂಪರ್ ಗ್ಲೂನಿಂದ ಅಂಟಿಸಿ, ರಂಧ್ರದ ಮೇಲೆ ಸರಿಯಾಗಿ ಕೂರದ ಕೀಗಳನ್ನು ಇಕ್ಕಳದಿಂದ ಬಗ್ಗಿಸಿ, ತಿರುಪುಗಳಿಗೆ ತೆಂಗಿನೆಣ್ಣೆ ಬಿಟ್ಟಿದ್ದರು. ಪ್ಯಾಡನ್ನು ಅರಗಿನಲ್ಲಿ ಕೂರಿಸುವುದಕ್ಕೆ ಕಾರಣವಿದೆ: ಪ್ಯಾಡು ಕೂರುವ ಕೀಯ ಬಟ್ಟಲನ್ನು ಸ್ವಲ್ಪ ಬಿಸಿ ಮಾಡಿದರೆ ಅರಗು ಮೆತ್ತಗಾಗುತ್ತದೆ, ಆಗ ಪ್ಯಾಡನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ರಂಧ್ರದ ಅಂಚಿಗೆ ಸಮನಾಗಿ ಹೊಂದಿಸಬಹುದು. ಗ್ಲೂ ಹಾಕಿದ ಮೇಲೆ ಆ ಅವಕಾಶವೇ ಇರುವುದಿಲ್ಲ.

ಶಿರಸಿಯಲ್ಲಿರುವ, ಹಿಂದೆ ನನಗೆ ಕಲಿಸಿದ ಮಾಸ್ತರರ ಬಳಿಗೆ ಹೋದೆ. ಅವರು ಮೇಲ್ತುಂಡನ್ನು ಬಿಚ್ಚಿ, ಬೆರಳುಗಳಿಂದ ರಂಧ್ರಗಳನ್ನು ಮುಚ್ಚಿ, ಕೆಳತುದಿಯನ್ನು ಅಂಗೈಗೆ ಒತ್ತಿ, ಮೇಲಿನಿಂದ ಗಾಳಿ ಹೀರಿದರು. ಸೋರಿಕೆಯಿಲ್ಲದ ತುಂಡಾದರೆ, ಬಾಯಿ ತೆಗೆಯದೆ ಹೀರುವುದನ್ನಷ್ಟೇ ನಿಲ್ಲಿಸಿದಾಗ ಒಳಗಿನ ನಿರ್ವಾತ ಕೆಲವು ಕ್ಷಣ ನಿಲ್ಲುತ್ತದೆ; ನನ್ನದರಲ್ಲಿ ತಕ್ಷಣ ಗಾಳಿ ನುಗ್ಗಿತು. ತೆಳುವಾದ ಕಾಗದದ ಪಟ್ಟಿಯನ್ನು ಒಂದೊಂದು ಪ್ಯಾಡಿನ ಕೆಳಗೆ ಇಟ್ಟು ಎಳೆದಾಗ, ಪಕ್ಕದ ಟ್ರಿಲ್ ಕೀಯ (ಎರಡು ಸ್ವರಗಳನ್ನು ಬೇಗಬೇಗ ಅದಲುಬದಲಾಗಿ ನುಡಿಸಲು ಬಳಸುವ ಕೀ) ಪುಟ್ಟ ಪ್ಯಾಡಿನಲ್ಲಿ ಅದು ತಡೆಯಿಲ್ಲದೆ ಜಾರಿತು. ಅದರ ತೆಳು ಪೊರೆಯನ್ನು ಹುಳು ತಿಂದಿತ್ತು. ಎಲ್ಲ ರಂಧ್ರಗಳೂ ಮುಚ್ಚಿದಾಗ ಹೊರಡುವ ಕೆಳಸ್ವರ, ಮೇಲೆ ಎಲ್ಲೇ ಸೋರಿದರೂ ಕೆಡುತ್ತದೆ.

“ತಮ್ಮಾ, ಗಾಳಿ ಎಲ್ಲಿ ಹೊರಟಿದೆ ಅಂತ ನೋಡದೆ ಕೀಗೆ ಯಾಕೆ ಕೈ ಹಾಕಿಸಿದೆ?” ಎಂದರು. ಉತ್ತರಿಸಲು ನನ್ನಲ್ಲಿ ಏನೂ ಇರಲಿಲ್ಲ. ಒಂದೇ ಪ್ಯಾಡಿನ ಕೆಲಸಕ್ಕಾಗಿ ಇಡೀ ಕೆಳತುಂಡು ಹಾಳಾಗಿತ್ತು. ಬಗ್ಗಿಸಿದ ಕೀಯೊಂದು ನೇರ ಮಾಡುವಾಗ ಮುರಿದೇ ಹೋಯಿತು.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಕೀಗಳನ್ನು ಅವುಗಳ ಜಾಗಕ್ಕೆ ಮರಳಿಸುವ ಉಕ್ಕಿನ ಸೂಜಿ ಸ್ಪ್ರಿಂಗುಗಳು ತುಕ್ಕು ಹಿಡಿದು ತುಂಡಾಗುವುದೂ ಉಂಟು, ಅವನ್ನೂ ನೋಡಿಕೊಳ್ಳಿ. ಎರಡು ತುಂಡುಗಳನ್ನು ಜೋಡಿಸುವಾಗ ಮೇಲ್ತುಂಡಿನ ರಂಧ್ರಗಳ ಸುತ್ತಲಿನ ಉಂಗುರಗಳನ್ನು ಒತ್ತಿ ಹಿಡಿದರೆ, ಎರಡೂ ತುಂಡುಗಳ ಕೀಗಳನ್ನು ಬೆಸೆಯುವ ನಡುವಿನ ಸೇತುವೆ ಕೀ ಮೇಲೆದ್ದು, ತಿರುಚುವಾಗ ಬಗ್ಗದೆ ಉಳಿಯುತ್ತದೆ.

ವಾದ್ಯವನ್ನು ಯಾರಿಗೇ ಕೊಡುವುದಾದರೂ ಗಾಳಿ ಹೀರುವ ಮತ್ತು ಕಾಗದದ ಪರೀಕ್ಷೆಗಳನ್ನು ನಿಮ್ಮೆದುರೇ ಮಾಡಲು ಕೇಳಿ, ಪ್ಯಾಡಿಗೆ ಯಾವ ಅಂಟು ಬಳಸುತ್ತಾರೆಂದು ವಿಚಾರಿಸಿ. ಇದಕ್ಕೆ ಅವರು ಒಪ್ಪದಿದ್ದರೆ ವಾದ್ಯವನ್ನು ಅಲ್ಲಿ ಬಿಟ್ಟುಬರಬೇಡಿ.