ವಸಡಿಗೆ ಬೆಳಕಿನ ಚಿಕಿತ್ಸೆ: ಬಳಸಿ ನೋಡಿದ ಮೂರು ಬಗೆಯ ಸಾಧನಗಳ ಹೋಲಿಕೆ

ಹಲ್ಲುಜ್ಜುವಾಗ ರಕ್ತ ಒಸರುತ್ತಿದ್ದ ನನ್ನ ವಸಡಿಗೆ ಸ್ಕೇಲಿಂಗ್ (ದಂತವೈದ್ಯರು ಹಲ್ಲಿನ ಕಿಟ್ಟ ತೆಗೆಯುವ ಶುಚಿಕಾರ್ಯ) ಮಾಡಿಸಿಕೊಂಡ ಮೇಲೆ, ಬೆಳಕಿನ ಚಿಕಿತ್ಸೆಗೆಂದು ಮನೆಯಲ್ಲೇ ಬಳಸುವ ಮೂರು ಬಗೆಯ ಸಾಧನಗಳನ್ನು ಒಂದರ ನಂತರ ಒಂದರಂತೆ ಬಳಸಿ ನೋಡಿದ್ದೇನೆ. ಬೆಳಕಿನ ಬಣ್ಣ ಬದಲಾದಂತೆ ಅದು ಮಾಡುವ ಕೆಲಸವೂ ಬದಲಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ನೀಲಿ ಬೆಳಕು, ಅಂದರೆ ಸುಮಾರು 405ರಿಂದ 470 ನ್ಯಾನೊಮೀಟರ್ ತರಂಗಾಂತರದ್ದು, ಬ್ಯಾಕ್ಟೀರಿಯಾವನ್ನು ನೇರವಾಗಿ ಕೊಲ್ಲಬಲ್ಲದು. ವಸಡಿನ ರೋಗಕ್ಕೆ ಕಾರಣವಾಗುವ ಪಾರ್ಫಿರೋಮೋನಸ್ ಜಿಂಜಿವಾಲಿಸ್‌ನಂಥ ಕಪ್ಪು ವರ್ಣದ ಬ್ಯಾಕ್ಟೀರಿಯಾಗಳಲ್ಲಿ ಪಾರ್ಫಿರಿನ್ ಎಂಬ ಸಂಯುಕ್ತಗಳಿದ್ದು, ಅವು ಈ ಬೆಳಕನ್ನು ಹೀರಿದಾಗ ಉಂಟಾಗುವ ಕ್ರಿಯಾಶೀಲ ಆಮ್ಲಜನಕವು ಆ ಜೀವಕೋಶವನ್ನೇ ನಾಶಮಾಡುತ್ತದೆ. ಆದರೆ ನೀಲಿ ಬೆಳಕು ಅಂಗಾಂಶದೊಳಗೆ ಆಳಕ್ಕೆ ಇಳಿಯುವುದಿಲ್ಲ. ನನಗೆ ಬೆಳಗಿನ ಬಾಯಿವಾಸನೆ ಕಡಿಮೆಯಾಯಿತು, ಮುಂದಿನ ಹಲ್ಲುಗಳ ವಸಡು ಸುಧಾರಿಸಿತು. ಸಾಧನ ಸರಿಯಾಗಿ ತಲುಪದ ದವಡೆಹಲ್ಲುಗಳ ಸ್ಥಿತಿ ಮಾತ್ರ ಹಾಗೆಯೇ ಉಳಿಯಿತು.

ಕೆಂಪು ಬೆಳಕಿನ ಗುರಿ ಬ್ಯಾಕ್ಟೀರಿಯಾ ಅಲ್ಲ. ಅದು ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಭಾಗವಾದ ಮೈಟೊಕಾಂಡ್ರಿಯಾದ ಮೇಲೆ ವರ್ತಿಸಿ ಉರಿಯೂತವನ್ನು ಶಮನಗೊಳಿಸುತ್ತದೆ ಎಂಬುದು ಅದರ ಹಿಂದಿನ ವಿವರಣೆ. ನೋವು ಬೇಗ ತಗ್ಗಿತು, ಆದರೆ ರಕ್ತ ಒಸರುವ ಜಾಗಗಳು ಬದಲಾಗಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮೂರನೆಯದು. ಇಂಡೊಸಯನಿನ್ ಗ್ರೀನ್ ಎಂಬ ಹಸಿರು ಬಣ್ಣ ಇರುವ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಬಾಯಿ ಮುಕ್ಕಳಿಸಿದರೆ ಆ ಬಣ್ಣ ಪ್ಲಾಕ್‌ಗೆ, ಅಂದರೆ ಹಲ್ಲಿನ ಮೇಲೆ ಕೂರುವ ಬ್ಯಾಕ್ಟೀರಿಯಾದ ಪದರಕ್ಕೆ, ಅಂಟಿಕೊಳ್ಳುತ್ತದೆ. ಬಳಿಕ ಸುಮಾರು 810 ನ್ಯಾನೊಮೀಟರ್ ಬೆಳಕು ಬಿದ್ದಾಗ ಬಣ್ಣ ಹಿಡಿದ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಕನ್ನಡಿಯಲ್ಲಿ ನೋಡಿದಾಗ ಕೆಳಗಿನ ಹಲ್ಲುಗಳ ಒಳಬದಿಯಲ್ಲಿ, ವಸಡಿನ ಅಂಚಿನುದ್ದಕ್ಕೂ ತೆಳ್ಳಗಿನ ಹಸಿರು ಗೆರೆ ಕಂಡಿತು. ಬ್ರಷ್ ಎಲ್ಲಿ ತಲುಪುತ್ತಿಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ನನಗೆ ತೋರಿಸಿರಲಿಲ್ಲ. ರಕ್ತಸ್ರಾವ ಎಲ್ಲಕ್ಕಿಂತ ಹೆಚ್ಚು ತಗ್ಗಿದ್ದೂ ಇದರಿಂದಲೇ, ಆದರೆ ಅದರಲ್ಲಿ ಆ ಗೆರೆ ಕಂಡು ತಿದ್ದಿಕೊಂಡ ಹಲ್ಲುಜ್ಜುವ ಕ್ರಮದ ಪಾಲೂ ಇದೆ. ಬಾಯಿ ಮುಕ್ಕಳಿಸಲು ಕೊಡುವ ಕ್ಲೋರ್‌ಹೆಕ್ಸಿಡಿನ್ ಎಂಬ ಬ್ಯಾಕ್ಟೀರಿಯಾನಾಶಕ ದ್ರಾವಣವನ್ನು ದೀರ್ಘಕಾಲ ಬಳಸಿದಾಗ ಹಲ್ಲಿಗೆ ಹತ್ತುವ ಕಂದು ಕಲೆ, ರುಚಿ ಕೆಡುವ ತೊಂದರೆ ಇಲ್ಲಿ ಕಾಣಲಿಲ್ಲ.

ಇಂಡೊಸಯನಿನ್ ಗ್ರೀನ್‌ನಲ್ಲಿ ಅಯೋಡಿನ್ ಅಂಶವಿರುವುದರಿಂದ ಅದರ ಅಲರ್ಜಿ ಇರುವವರು ಈ ಬಗೆಯನ್ನು ಬಳಸಬಾರದು. ವಸಡಿನ ರೋಗಕ್ಕೇ ಕೊಡುವ ಡಾಕ್ಸಿಸೈಕ್ಲಿನ್‌ನಂಥ, ಬೆಳಕಿಗೆ ಸೂಕ್ಷ್ಮತೆ ಹೆಚ್ಚಿಸುವ ಔಷಧಿ ಸೇವಿಸುವವರು ಯಾವ ಬೆಳಕಿನ ಸಾಧನವನ್ನೇ ಆದರೂ ವೈದ್ಯರನ್ನು ಕೇಳಿಯೇ ಬಳಸಬೇಕು. ಗಟ್ಟಿಯಾಗಿ ಕೂತ ಹಲ್ಲಿನ ಕಿಟ್ಟವನ್ನು ಈ ಮೂರರಲ್ಲಿ ಯಾವುದೂ ತೆಗೆಯುವುದಿಲ್ಲ. ಅದು ಮತ್ತೆ ಕಟ್ಟಿಕೊಳ್ಳದಿರಲೆಂದು ಹಲ್ಲುಗಳ ಸಂದಿಗೆ ಹಾಕುವ ಸಣ್ಣ ಬ್ರಷ್ಷನ್ನು ನಾನು ದಿನವೂ ಬಳಸುತ್ತೇನೆ, ಬಣ್ಣದ ದ್ರಾವಣದ ಸಾಧನವನ್ನು ಅದರ ಜೊತೆಗೆ ಉಳಿಸಿಕೊಂಡಿದ್ದೇನೆ, ಉಳಿದೆರಡನ್ನು ಕೈಬಿಟ್ಟಿದ್ದೇನೆ.