ಚನ್ನಪಟ್ಟಣದ ಅಡುಗೆ ಸೆಟ್ಟು, ಒಂದು ರಾಣಿ ವೇಷ: ಎರಡೂವರೆ ವರ್ಷದ ಬಳಕೆಯ ನಂತರ

ಮಕ್ಕಳ ಈ ಮರದ ಆಟಿಕೆ ಸೆಟ್ಟಿನಲ್ಲಿ ಎಷ್ಟು ಪಾತ್ರೆಗಳಿವೆ, ಯಾವ ಯಾವ ಬಣ್ಣದಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಅಂಗಡಿಯವರೇ ಹೇಳುತ್ತಾರೆ. ನಾನು ಬರೆಯಲು ಕುಳಿತಿರುವುದು ಅದರೊಳಗಿನ ಒಂದು ಮುಚ್ಚಳದ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಆ ಮುಚ್ಚಳದ ನೆತ್ತಿಯ ಮೇಲಿದ್ದ, ಸುಲಿದ ಅಡಿಕೆಯಷ್ಟು ದಪ್ಪದ ಒಂದು ಕೆಂಪು ಗುಂಡಿನ ಬಗ್ಗೆ. ನಮ್ಮ ಮನೆಯಲ್ಲಿ ಮೂರು ರಾತ್ರಿ ಯಾರೂ ನಿದ್ದೆ ಮಾಡದಿರಲು ಅದೇ ಕಾರಣ.

ರಾಮನಗರದಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುವಾಗ ಚನ್ನಪಟ್ಟಣದ ರಸ್ತೆಬದಿಯ ಅಂಗಡಿಯೊಂದರಲ್ಲಿ ಕೊಂಡದ್ದು. 1,150 ರೂಪಾಯಿ. ಮಗಳಿಗೆ ಆಗ ಐದು ತುಂಬಿತ್ತು, ಮಗ ಇನ್ನೂ ತೊಟ್ಟಿಲಲ್ಲಿದ್ದ. ಹಾಸನಕ್ಕೆ ಬಂದು ಬೆಲೆ ಹೇಳಿದ ಕೂಡಲೇ ಅತ್ತೆ ಹಣೆ ಚಚ್ಚಿಕೊಂಡರು. "ಇಲ್ಲೇ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಊರಿನ ಸಾಮಾನಿಗೆ ಇಷ್ಟು ದುಡ್ಡೇ?" ಅವರು ಅಂದುಕೊಂಡದ್ದು ಚನ್ನರಾಯಪಟ್ಟಣ. ಅದು ಬೇರೆ, ಇದು ಬೇರೆ ಎಂದು ನಾನು ಎಷ್ಟು ಸಲ ಹೇಳಿದರೂ ಇವತ್ತಿಗೂ ನೆಂಟರ ಮುಂದೆ "ನಮ್ಮ ಚನ್ನರಾಯಪಟ್ಟಣದ ಗೊಂಬೆ" ಎಂದೇ ತೋರಿಸುತ್ತಾರೆ.

ನನ್ನ ಸಂಜೆಗಳು ಈ ಸೆಟ್ಟಿನಿಂದ ಬದಲಾದವು, ಅದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಕಾಫಿಬೀಜದ ಸಿಪ್ಪೆ ತೆಗೆದು ದರ್ಜೆ ವಿಂಗಡಿಸುವ ಕ್ಯೂರಿಂಗ್ ಘಟಕವೊಂದರ ಕಚೇರಿಯಲ್ಲಿ ಲೆಕ್ಕ ಬರೆಯುವವಳು. ದಿನವಿಡೀ ಕಾಫಿಬೀಜದ ಧೂಳಿನ ನಡುವೆ ಇದ್ದು ಸಂಜೆ ಆರೂಕಾಲಿಗೆ ಮನೆಗೆ ಬಂದರೆ ಕಾಫಿ ಎಂಬ ಹೆಸರೇ ಬೇಡ ಅನ್ನಿಸುತ್ತದೆ. ಆದರೆ ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಪುಟ್ಟ ಬೀಸುವ ಕಲ್ಲನ್ನು ಗರಗರ ತಿರುಗಿಸಲು ಶುರುಮಾಡಿರುತ್ತಾಳೆ. "ಸ್ಟ್ರಾಂಗೋ, ಲೈಟೋ?" ಎಂದು ಕೇಳುತ್ತಾಳೆ. ಲೈಟ್ ಎಂದರೆ ಮುಖ ಸಣ್ಣದಾಗುತ್ತದೆ. ಸ್ಟ್ರಾಂಗ್ ಎಂದೇ ಹೇಳಬೇಕು. ಆಮೇಲೆ ಹಳದಿ ಲೋಟದಿಂದ ಹಸಿರು ಲೋಟಕ್ಕೆ ಗಾಳಿಯನ್ನು ಎತ್ತರದಿಂದ ಸುರಿದು ನೊರೆ ಬರಿಸುತ್ತಾಳೆ. ಲೋಟ ಕೈಗೆ ಬಂದ ಮೇಲೆ ಸುರ್ರೆಂದು ಸದ್ದು ಮಾಡಿ ಕುಡಿಯಬೇಕು, ಬಿಸಿ ಎಂದು ತುಟಿ ಒರೆಸಿಕೊಳ್ಳಬೇಕು, ಕೊನೆಯ ಗುಟುಕಿಗೆ ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಬೇಕು. ಯಾವುದಾದರೂ ಒಂದನ್ನು ಬಿಟ್ಟರೆ ಇನ್ನೊಂದು ಲೋಟ ಬರುತ್ತದೆ. ಬಿಲ್ಲು ಎರಡು ಸಾವಿರಕ್ಕಿಂತ ಕಡಿಮೆ ಆದದ್ದೇ ಇಲ್ಲ. ನಮ್ಮ ಮನೆಯವರು ಒಮ್ಮೆ ಚೌಕಾಶಿ ಮಾಡಲು ಹೋಗಿ ಲೋಟ ತೊಳೆಯುವ ಶಿಕ್ಷೆಗೆ ಗುರಿಯಾದರು.

ಆ ತೊಳೆಯುವ ವಿಷಯದಲ್ಲೇ ನನ್ನ ಮೊದಲ ತಕರಾರು. ಈ ಆಟಿಕೆಗಳಿಗೆ ಹಚ್ಚುವುದು ಅರಗು. ಆಲೆ ಮರವನ್ನು ಲೇತಿನಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಬಿಸಿಯಲ್ಲಿ ಹತ್ತಿದ್ದು ಬಿಸಿಯಲ್ಲೇ ಬಿಡುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಮಗಳು ಒಂದು ದಿನ ಹಳದಿ ಲೋಟಕ್ಕೆ ನಿಜವಾದ ಬಿಸಿ ಡಿಕಾಕ್ಷನ್ ಸುರಿದಳು. ಒಳಗೆಲ್ಲ ಕಂದು ಕಲೆ, ಅಂಚಿನಲ್ಲಿ ಬೂದಿ ಬಳಿದಂತೆ ಬಿಳಿ ಮಬ್ಬು. ಆಮೇಲೆ ಗೌರಿ ಹಬ್ಬಕ್ಕೆ ಸಕಲೇಶಪುರದ ನನ್ನ ತವರಿಗೆ ಹೋದಾಗ ಸೆಟ್ಟನ್ನೂ ಹೊತ್ತುಕೊಂಡೇ ಬಂದಳು. ಅಲ್ಲಿ ಬಿಡದೆ ಮಳೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಪುಟ್ಟ ಬಾಣಲೆಯನ್ನು ಬಚ್ಚಲ ಒಲೆಯ ಹಂಡೆಯ ಮುಚ್ಚಳದ ಮೇಲಿಟ್ಟು "ದೋಸೆ ಬೇಯುತ್ತಿದೆ" ಎಂದಳು. ಬೆಂದದ್ದು ಬಾಣಲೆ. ಅದರ ತಳದಲ್ಲಿ ನನ್ನ ಹೆಬ್ಬೆರಳಿನ ಗುರುತು ಇಂದಿಗೂ ಇದೆ. ಆದ್ದರಿಂದ ಒದ್ದೆ ಮಾಡಬೇಡಿ, ಬಿಸಿಗೆ ಇಡಬೇಡಿ, ಒಣ ಬಟ್ಟೆಯಲ್ಲಿ ಒರೆಸಿ. ಆರು ವರ್ಷದೊಳಗಿನ ಅಡುಗೆಯವರಿಗೆ ಇದನ್ನು ಯಾರು ಹೇಳುತ್ತಾರೋ ನನಗೆ ಗೊತ್ತಿಲ್ಲ.

ನಡುವೆ ಹಾಸನಾಂಬ ಜಾತ್ರೆಯಲ್ಲಿ 350 ರೂಪಾಯಿಗೆ ಒಂದು ಪ್ಲಾಸ್ಟಿಕ್ ಸೆಟ್ಟನ್ನೂ ತಂದೆವು. ಗ್ಯಾಸ್ ಒಲೆ ನಾಲ್ಕು ದಿನ ಹಾಡಿತು, ಐದನೆಯ ದಿನ ಮೂಕವಾಯಿತು. ಅದರ ಬಗ್ಗೆ ಇಷ್ಟು ಸಾಕು.

ಈಗ ಆ ಗುಂಡು. ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಹಿಡಿಯಾಗಿದ್ದ ಅದು ಮುಚ್ಚಳದ ಜೊತೆಗೇ ಕಡೆದದ್ದಲ್ಲ. ಬೇರೆ ಮಾಡಿ, ಕೆಳಗೊಂದು ಕಡ್ಡಿ ಬಿಟ್ಟು, ತೂತಿಗೆ ಅಂಟು ಹಾಕಿ ಕೂರಿಸಿದ್ದು. ಸಕಲೇಶಪುರದ ಮಳೆಯಲ್ಲಿ ಮರ ಉಬ್ಬಿತು, ಹಾಸನದ ಒಣಗಾಳಿಗೆ ಬಂದು ಕುಗ್ಗಿತು, ಗುಂಡು ಗಡಗಡ ಅಲುಗಾಡತೊಡಗಿತು. ಕಾಣುತ್ತಲೇ ಇತ್ತು. ನಾಳೆ ಅಂಟಿಸೋಣ ಎಂದು ಮುಂದಕ್ಕೆ ಹಾಕಿದವಳು ನಾನೇ. ಅಕ್ಟೋಬರ್ ಕೊನೆಯ ಮಂಗಳವಾರ ಸಂಜೆ ನೋಡಿದರೆ ಮುಚ್ಚಳದಲ್ಲಿ ಬರಿಯ ತೂತು. ಪಕ್ಕದಲ್ಲಿ ಒಂದು ವರ್ಷ ಎಂಟು ತಿಂಗಳ ಮಗ ಕುಳಿತು ಬಾಯಿ ಚಪ್ಪರಿಸುತ್ತಿದ್ದಾನೆ.

ಮಂಚದ ಕೆಳಗೆ, ಅಕ್ಕಿ ಡಬ್ಬದೊಳಗೆ, ಚಪ್ಪಲಿಯೊಳಗೆ ಎಲ್ಲ ಹುಡುಕಿದೆವು. ಮಗನ ಬಾಯಿಗೆ ಬೆರಳು ಹಾಕಿದರೆ ಕಚ್ಚಿದ. "ಗುಂಡು ಎಲ್ಲಿ ಮರಿ?" ಎಂದರೆ ಹೊಟ್ಟೆ ತೋರಿಸಿದ. ಅವನು ಆ ದಿನಗಳಲ್ಲಿ ಚಂದಮಾಮ ಎಲ್ಲಿ ಎಂದು ಕೇಳಿದರೂ ಹೊಟ್ಟೆಯನ್ನೇ ತೋರಿಸುತ್ತಿದ್ದ ಎಂಬುದು ಆಗ ನೆನಪಾಗಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ವೈದ್ಯರು ಮೊದಲು ಕೇಳಿದ್ದು, "ಬ್ಯಾಟರಿಯೇ?" ಬಟನ್ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದಂತೆ, ಒಂದು ನಿಮಿಷವೂ ಕಾಯುವಂತಿಲ್ಲವಂತೆ. ಮರದ್ದು ಎಂದಾಗ ಅವರ ಮುಖ ಸಡಿಲವಾಯಿತು, ನನ್ನದು ಆಗಲಿಲ್ಲ. ಎಕ್ಸ್‌ರೇ ತೆಗೆಯಿರಿ ಎಂದು ಕೇಳಿಕೊಂಡೆ. "ನಾಣ್ಯ ಕಾಣುತ್ತದಮ್ಮ, ಮರ ಕಾಣುವುದಿಲ್ಲ" ಎಂದರು. ಕೆಮ್ಮಿಲ್ಲ, ಜೊಲ್ಲು ಸುರಿಯುತ್ತಿಲ್ಲ, ಉಸಿರು ಸರಿಯಾಗಿದೆ, ಬಿಸ್ಕತ್ತು ಕೊಟ್ಟರೆ ತಿನ್ನುತ್ತಿದ್ದಾನೆ. ಮೂರು ದಿನ ಗಮನವಿಡಿ, ಹೊರಗೆ ಬರುತ್ತದೆಯೇ ನೋಡಿ ಎಂದು ಕಳುಹಿಸಿದರು.

ನೋಡಿದೆವು. ಯಾರು ನೋಡಬೇಕು ಎಂಬುದರ ಮೇಲೆ ನನಗೂ ನಮ್ಮ ಮನೆಯವರಿಗೂ ಪಾಳಿ ಬಿತ್ತು. ಕಚೇರಿಯಲ್ಲಿ ದರ್ಜೆವಾರು ಲೆಕ್ಕ ಬರೆಯುವ ನಾನು ಮನೆಯಲ್ಲಿ ಕಡ್ಡಿ ಹಿಡಿದು ಇನ್ನೊಂದು ಬಗೆಯ ದರ್ಜೆ ವಿಂಗಡಿಸುತ್ತಿದ್ದೆ. ಹೆಚ್ಚು ವಿವರ ಬೇಡ. ಗುಂಡು ಬರಲಿಲ್ಲ.

ಈ ಮೂರು ರಾತ್ರಿಗಳಲ್ಲೇ ನಾನು ಆಟಿಕೆಗಳ ನಿಯಮ ಓದಿದ್ದು. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ, ಚನ್ನಪಟ್ಟಣದ ಗೊಂಬೆಯಂತೆ ಇಂಥ ಊರಿನ ವಿಶೇಷವೆಂದು ಗುರುತಿಸುವ ಭೌಗೋಳಿಕ ಸೂಚಿಕೆ (ಜಿಐ) ಪಡೆದ ವಸ್ತುಗಳ ನೋಂದಾಯಿತ ತಯಾರಕರಿಗೂ ವಿನಾಯಿತಿ ಇದೆ. ಆ ವಿನಾಯಿತಿ ಇರಲಿ, ಬೇಕು. ಲೇತಿನ ಮುಂದೆ ಕುಳಿತವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಾಗಿದ್ದ ಮೇಲೆ ಕೊಳ್ಳುವಾಗ ಪ್ರತಿಯೊಂದು ಹಿಡಿಯನ್ನೂ ತಿರುಚಿ, ಎಳೆದು ನೋಡುವ ಕೆಲಸ ನಮ್ಮದೇ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಒಂದು ಅಳತೆ ಇದೆ: ಬಿಡಿ ಭಾಗವು 31.7 ಮಿಲಿಮೀಟರ್ ಅಗಲದ ಪುಟ್ಟ ಕೊಳವೆಯೊಳಗೆ ಪೂರ್ತಿ ಇಳಿಯಬಾರದು. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್, ಅಂದರೆ ಅದೂ ಅಪಾಯದ್ದೇ. ನಮ್ಮಲ್ಲಿ 6.65 ಮಿಲಿಮೀಟರ್ ತೂತಿನ ಜರಡಿಯ ಮೇಲೆ ನಿಂತ ಕಾಫಿಬೀಜ ಎ ದರ್ಜೆ. ಮನೆಯಲ್ಲಿ ನನ್ನ ಜರಡಿ ಆ ದಿನದಿಂದ 31.7. ಅದರಲ್ಲಿ ಇಳಿದದ್ದೆಲ್ಲ ಅಟ್ಟಕ್ಕೆ ಹೋಯಿತು: ಪುಟ್ಟ ಸೌಟು, ಉಪ್ಪಿನ ಬಟ್ಟಲು, ಅರ್ಧ ಸೆಟ್ಟು.

ಇದೇ ವಾರ ನವೆಂಬರ್ 1ರ ರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ. ಗುಂಡು ಕಾಣೆಯಾಗುವ ಎರಡು ದಿನ ಮೊದಲು, ಭಾನುವಾರ, ವೇಷ ಕೊಂಡಿದ್ದೆವು. ಅಂಗಡಿಯಲ್ಲಿ ಇದ್ದದ್ದು ಒಂದೇ ರಾಣಿ ಉಡುಪು. ಯಾವ ರಾಣಿ ಎಂದು ಕೇಳಿದರೆ ಅವರು, "ಕತ್ತಿ ಕೊಟ್ಟರೆ ಚೆನ್ನಮ್ಮ, ಗೆಜ್ಜೆ ಕೊಟ್ಟರೆ ಶಾಂತಲೆ" ಎಂದರು. ಕತ್ತಿಗೆ ನೂರು ರೂಪಾಯಿ ಹೆಚ್ಚು. ನಮ್ಮ ಜಿಲ್ಲೆಯವಳೂ ಆದಳು, ದುಡ್ಡೂ ಉಳಿಯಿತು ಎಂದು ಶಾಂತಲೆಯನ್ನು ಆರಿಸಿಕೊಂಡೆವು. ಡಾಬು, ತೋಳಬಂದಿ, ಕಿರೀಟ ಸೇರಿ 750.

ಉಡುಪು ನೋಡಲು ಚೆಂದ, ತೊಡಲು ಶಿಕ್ಷೆ. ಜರಿ ಅಂಚಿನ ತುದಿಗಳನ್ನು ಒಳಗೆ ಮಡಚಿ ಹೊಲಿಯದೆ ಹಾಗೇ ಬಿಟ್ಟಿದ್ದರು. ಐದು ನಿಮಿಷಕ್ಕೆ ಮಗಳ ಕುತ್ತಿಗೆ ಕೆಂಪಾಯಿತು. ಬೆನ್ನಿನ ವೆಲ್ಕ್ರೋ ಕೂದಲನ್ನು ಹಿಡಿಯುತ್ತದೆ, ಬಟ್ಟೆಯನ್ನು ಹಿಡಿಯುವುದಿಲ್ಲ. ಕಿರೀಟ ರಟ್ಟಿನದು, ಅದರ ನಡುವಿನ ಕೆಂಪು ಪ್ಲಾಸ್ಟಿಕ್ ಕಲ್ಲು ಮನೆಗೆ ಬರುವಷ್ಟರಲ್ಲೇ ಅಲುಗಾಡುತ್ತಿತ್ತು. ಹಿಂದಿರುಗಿಸುತ್ತೇನೆಂದು ಚೀಲಕ್ಕೆ ತುಂಬಿದ್ದೆ. ಅಷ್ಟರಲ್ಲಿ ಗುಂಡಿನ ಗಲಾಟೆ ಶುರುವಾಯಿತು.

ಮಾತು ಕಲಿಸಿದವರು ಅತ್ತೆ. "ನಾನು ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆ. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನೂ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನೂ ಕಟ್ಟಿಸಿದೆನು." ಸವತಿಗಂಧವಾರಣ ಎಂಬುದು ಶಾಂತಲೆಯ ಬಿರುದು, ಸವತಿಯರ ಪಾಲಿಗೆ ಮದ್ದಾನೆ ಎಂದರ್ಥ, ಬಸದಿ 1123ರದ್ದು. ಐದು ವರ್ಷದ ನಾಲಿಗೆಗೆ ಆ ಪದ ಹೇಗೋ ಹೊರಳಿತು. ಕಷ್ಟವಾದದ್ದು "ಸವತಿ ಎಂದರೇನು ಅಜ್ಜಿ?" ಎಂಬ ಪ್ರಶ್ನೆ. ಅತ್ತೆ ಒಂದು ಕ್ಷಣ ತಡವರಿಸಿ, "ಪಕ್ಕದ ಮನೆಯವಳು" ಎಂದುಬಿಟ್ಟರು. ಮರುದಿನ ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯವರನ್ನು ಕಂಡು ಮಗಳು ಒಳಗೆ ಕೂಗಿ ಹೇಳಿದಳು, "ಅಮ್ಮಾ, ನಿನ್ನ ಸವತಿ ಬಂದಿದ್ದಾರೆ." ಆ ಸಂಬಂಧ ಸರಿಯಾಗಲು ಎರಡು ಡಬ್ಬಿ ಕೋಡುಬಳೆ ಖರ್ಚಾಯಿತು.

ವೇದಿಕೆಯ ಮೇಲೆ ಚೆನ್ನಾಗಿಯೇ ಹೇಳಿದಳು. ಒಳಗೆ ಹತ್ತಿಯ ಬನಿಯನ್ ಹಾಕಿ ಕಳುಹಿಸಿದ್ದೆ, ಆದರೂ ಎಡಗೈ ಪೂರ್ತಿ ಹೊತ್ತು ಕುತ್ತಿಗೆ ಕೆರೆಯುತ್ತಲೇ ಇತ್ತು. ಸಮಾಧಾನಕರ ಬಹುಮಾನ ಬಂತು.

ವಾರ ಕಳೆದು ಶಾಲೆಯಿಂದ ಫೋಟೋ ಬಂತು. ಮೊಬೈಲ್‌ನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದ ನಮ್ಮ ಮನೆಯವರು ಏನೂ ಮಾತಾಡದೆ ನನ್ನ ಕೈಗೆ ಕೊಟ್ಟರು. ಕಿರೀಟದ ನಟ್ಟನಡುವೆ, ಕಲ್ಲು ಇರಬೇಕಾದ ಜಾಗದಲ್ಲಿ, ಇಡ್ಲಿ ಪಾತ್ರೆಯ ಕೆಂಪು ಗುಂಡು. ಅರಗಿನ ಹೊಳಪು ದೀಪಕ್ಕೆ ಮಿನುಗುತ್ತಿದೆ. ಇಡೀ ಶಾಲೆ ನೋಡಿದೆ, ನಾನೇ ನನ್ನ ಕೈಯಾರೆ ಆ ಕಿರೀಟಕ್ಕೆ ಪಿನ್ನು ಚುಚ್ಚಿದ್ದೇನೆ. ನನ್ನ ಕಣ್ಣು ಆ ವಾರ ಬೇರೆಲ್ಲೋ ಇತ್ತು.

ಕಲ್ಲು ಬಿದ್ದುಹೋಯಿತಂತೆ, ಗುಂಡು ಅಲುಗಾಡುತ್ತಿತ್ತಂತೆ, ಎಳೆದು ಫೆವಿಕಾಲ್ ಹಾಕಿ ಅಂಟಿಸಿದಳಂತೆ. "ನಾವೆಲ್ಲ ಅಷ್ಟು ಹುಡುಕುವಾಗ ಏಕೆ ಹೇಳಲಿಲ್ಲ?" ಎಂದು ಗದರಿದೆ. "ನೀವು ತಮ್ಮನನ್ನು ಕೇಳಿದಿರಿ. ನನ್ನನ್ನು ಯಾರೂ ಕೇಳಲಿಲ್ಲ" ಎಂದಳು. ಅದಕ್ಕೆ ನಮ್ಮಿಬ್ಬರಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಅಂದಿನಿಂದ ಆ ವೇಷದ ಮೇಲಿನ ನನ್ನ ಸಿಟ್ಟು ಇಳಿಯಿತು. ಮಾವನ ಹಳೆಯ ಪಂಚೆಯನ್ನು ಕತ್ತರಿಸಿ ಒಳಗೆ ಲೈನಿಂಗ್ ಕೊಟ್ಟು, ವೆಲ್ಕ್ರೋ ಕಿತ್ತು ಎರಡು ಕಸೆ ಹೊಲಿದೆ. 750ರ ಉಡುಪಿಗೆ ಒಂದು ಭಾನುವಾರದ ಮಧ್ಯಾಹ್ನವನ್ನೂ ಸೇರಿಸಿ ಬೆಲೆ ಕಟ್ಟಿ. ಆದರೆ ಒಮ್ಮೆ ತೊಟ್ಟು ಮೂಲೆಗೆ ಬೀಳಬೇಕಿದ್ದ ವೇಷ ಎರಡು ವರ್ಷದಿಂದ ಕೆಲಸದಲ್ಲಿದೆ. ಮೊದಲು ಪಾದದವರೆಗೆ ಇದ್ದದ್ದು ಈಗ ಮೊಣಕಾಲಿಗೆ ಬಂದಿದೆ. ಶಾಂತಲೆಯೇ ಈಗ ಕಾಫಿ ಹೋಟೆಲಿನ ಒಡತಿ. ಮೂರು ದಾಟಿದ ಮಗ ಮಾಣಿ, ಹೆಗಲ ಮೇಲೆ ಒರೆಸುವ ಬಟ್ಟೆ. ಅಟ್ಟದ ಸಾಮಾನೂ ಕೆಳಗಿಳಿದಿದೆ. ಕಲೆ ಹಿಡಿದ ಹಳದಿ ಲೋಟವೇ ನನ್ನದು, ಬೇರೆ ಲೋಟದಲ್ಲಿ ಕೊಡುವುದಿಲ್ಲ.

ಕೊಳ್ಳಬೇಕೆಂದಿರುವವರಿಗೆ: ಮೂರು ತುಂಬದ ಮಗು ಮನೆಯಲ್ಲಿದ್ದರೆ ಒಂದೇ ತುಂಡಿನಲ್ಲಿ ಕಡೆದ ಬುಗುರಿ, ಗಿಲಕಿಗಳನ್ನು ತನ್ನಿ, ಮುಚ್ಚಳ ಇರುವ ಸೆಟ್ಟು ಆಮೇಲೆ ನೋಡಿದರಾಯಿತು. ರಾಣಿ ವೇಷವನ್ನು ಬಾಡಿಗೆಗೆ ತರುವುದೇ ಅಗ್ಗ, ಹೊಲಿಗೆ ಬರುವವರು ಮಾತ್ರ ಕೊಳ್ಳಿ.

ಗುಂಡು ಇನ್ನೂ ಕಿರೀಟದಲ್ಲೇ ಇದೆ. ಕೀಳಲು ಹೋದರೆ ರಟ್ಟು ಹರಿಯುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳವನ್ನು ಮಗಳು ನನ್ನ ಇಕ್ಕಳದಿಂದ ಎತ್ತುತ್ತಾಳೆ. ಕಿರೀಟದಿಂದ ಬಿದ್ದ ಆ ಪ್ಲಾಸ್ಟಿಕ್ ಕಲ್ಲು ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ. ಮೊನ್ನೆ ಸುಮ್ಮನೆ ಮಗನನ್ನು ಕೇಳಿದೆ. ಹೊಟ್ಟೆ ತೋರಿಸಿದ.