ಟೂ-ಸ್ಟ್ರೋಕ್ ಡರ್ಟ್ ಬೈಕಿಗೆ ನಂಬರ್ ಪ್ಲೇಟ್: ವೈಝಡ್250ಎಕ್ಸ್, ಬೀಟಾ 300 ಆರ್‌ಆರ್, ಕೆಟಿಎಂ 300 ಟಿಪಿಐ

ಕಲ್ಲು, ಮರಳು, ಬೇರುಗಳ ಜಾಡಿನಲ್ಲಿ ಈ ಮೂರು ಟೂ-ಸ್ಟ್ರೋಕ್ ಬೈಕುಗಳಲ್ಲಿ ಯಾವುದನ್ನು ಕೊಟ್ಟರೂ ದೂರು ಹೇಳುವಂತಿಲ್ಲ. ಪ್ರಶ್ನೆ ಇರುವುದು ನಂಬರ್ ಪ್ಲೇಟ್ ಹಾಕಿಸಿ ರಸ್ತೆಯಲ್ಲೂ ಓಡಿಸಲು ಯಾವುದು ಒಳ್ಳೆಯದು ಎಂಬುದು. ಬಣ್ಣ ಬಯಲಾಗುವುದು ಟಾರು ರಸ್ತೆಯಲ್ಲಿ, ಥ್ರಾಟಲನ್ನು ಒಂದೇ ಕಡೆ ಹಿಡಿದು ಇಪ್ಪತ್ತು ನಿಮಿಷ ಓಡಿಸಿದಾಗ. ಆದ್ದರಿಂದ ಇಲ್ಲಿ ಸಸ್ಪೆನ್ಷನ್, ಪವರ್ ಬಗ್ಗೆ ಮಾತು ಕಡಿಮೆ. ಆಯಿಲ್, ಕರೆಂಟು, ಗೇರಿಂಗ್ ಇವನ್ನೇ ಹಿಡಿದು ಅಮೆರಿಕದ ಆರಿಜೋನಾ, ಯೂಟಾ ಕಡೆಯ ರಸ್ತೆ ಮತ್ತು ಜಾಡುಗಳಲ್ಲಿ ಮೂರನ್ನೂ ತೂಗಿ ನೋಡಿದ್ದೇವೆ.

ಮೊದಲು ಕಾಗದದ ವಿಷಯ. ಯುರೋಪಿನಲ್ಲಿ ಕೆಟಿಎಂ 300 ಇಎಕ್ಸ್‌ಸಿ ಶೋರೂಮಿನಿಂದಲೇ ರಸ್ತೆಗೆ ಇಳಿಯಬಹುದು. ಅಲ್ಲಿನ 168/2013 ನಿಯಮದಲ್ಲಿ ಎಂಡ್ಯೂರೋ (ದೂರದ ಜಾಡು ಓಟದ) ಬೈಕುಗಳಿಗೇ ಬೇರೆ ಉಪವರ್ಗ ಇದೆ: ಸೀಟಿನ ಎತ್ತರ ಕನಿಷ್ಠ 900 ಮಿ.ಮೀ., ಗ್ರೌಂಡ್ ಕ್ಲಿಯರೆನ್ಸ್ ಕನಿಷ್ಠ 310 ಮಿ.ಮೀ., ತೂಕ 140 ಕೆ.ಜಿ. ಮೀರಬಾರದು, ಹಿಂಬದಿ ಸವಾರನಿಗೆ ಸೀಟು ಇರಬಾರದು. ಅಮೆರಿಕದಲ್ಲಿ ಅದೇ ಎಂಜಿನ್ ಎಕ್ಸ್‌ಸಿ-ಡಬ್ಲ್ಯೂ ಎಂಬ ಹೆಸರಿನಲ್ಲಿ, ಆಫ್-ರೋಡ್ ವಾಹನವಾಗಿ ಮಾರಾಟವಾಗುತ್ತದೆ. ಅಲ್ಲಿ ಇಎಕ್ಸ್‌ಸಿ-ಎಫ್ ಅಂದರೆ ಫೋರ್-ಸ್ಟ್ರೋಕ್. ಬೀಟಾದ ಕಥೆಯೂ ಅಷ್ಟೇ, ಆರ್‌ಆರ್-ಎಸ್ ಎಂಬ ಫೋರ್-ಸ್ಟ್ರೋಕ್‌ಗಳಿಗೆ ಮಾತ್ರ ಲೈಟು, ಪ್ಲೇಟಿನ ಭಾಗ್ಯ. ಹಾಗಾಗಿ ಟೂ-ಸ್ಟ್ರೋಕ್ ಬೇಕೆಂದರೆ ಲೈಟು, ಹಾರ್ನು, ಕನ್ನಡಿ ಎಲ್ಲವನ್ನೂ ಕಟ್ಟಿ ತಪಾಸಣೆಗೆ ಒಯ್ಯಬೇಕು. ಇದಕ್ಕೆ ಒಪ್ಪುವ ರಾಜ್ಯಗಳಿವೆ, ಒಪ್ಪದ ರಾಜ್ಯಗಳೂ ಇವೆ. ಬೇ ಏರಿಯಾದ ಕನ್ನಡಿಗರು ಆಸೆ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಕ್ಯಾಲಿಫೋರ್ನಿಯಾದ ಎಮಿಷನ್ ನಿಯಮದ ಮುಂದೆ ಇವು ಯಾವುವೂ ನಿಲ್ಲುವುದಿಲ್ಲ.

ಹೆಚ್ಚು ಕೆಲಸ ಕೊಡುವುದು ಯಮಹಾ. ವೈಝಡ್250ಎಕ್ಸ್ ಕಿಕ್‌ಸ್ಟಾರ್ಟ್ ಬೈಕು, ಬ್ಯಾಟರಿ ಇಲ್ಲ, ಕರೆಂಟು ಹುಟ್ಟಿಸುವ ಕಾಯಿಲ್ಲುಗಳ ತಟ್ಟೆಯಾದ ಸ್ಟೇಟರ್‌ನಲ್ಲಿ ಲೈಟಿಂಗ್ ಕಾಯಿಲ್ಲೂ ಇಲ್ಲ. ಅದು ಹುಟ್ಟಿಸುವ ಕರೆಂಟು ಇಗ್ನಿಷನ್‌ಗೆ ಸರಿಹೋಗುತ್ತದೆ, ಅಷ್ಟೇ. ಲೈಟಿಂಗ್ ಕಾಯಿಲ್ ಇರುವ ಆಫ್ಟರ್‌ಮಾರ್ಕೆಟ್ ಸ್ಟೇಟರ್ ಹಾಕಿಸಬೇಕು, ಅದಕ್ಕೆ ಹೊಂದುವ, ಅಯಸ್ಕಾಂತ ಹೊತ್ತು ತಿರುಗುವ ಚಕ್ರವಾದ ಫ್ಲೈವೀಲನ್ನೂ ಜೊತೆಗೇ ಕೊಳ್ಳಬೇಕು. ಫ್ಲೈವೀಲನ್ನು ಪುಲ್ಲರ್‌ನಿಂದಲೇ ಬಿಚ್ಚಬೇಕು; ಸುತ್ತಿಗೆ ಹತ್ತಿರ ತರಬಾರದು. ಮತ್ತೆ ಕೂರಿಸುವ ಮುನ್ನ ಕ್ರ್ಯಾಂಕಿನ ಶಂಕುವಿನಾಕಾರದ ತುದಿಯಾದ ಟೇಪರನ್ನೂ ಫ್ಲೈವೀಲಿನ ಒಳಮೈಯನ್ನೂ ಬ್ರೇಕ್ ಕ್ಲೀನರ್‌ನಿಂದ ಒರೆಸಿ ಪೂರ್ತಿ ಒಣಗಿಸಬೇಕು. ಫ್ಲೈವೀಲನ್ನು ಹಿಡಿದಿಡುವುದು ಟೇಪರ್, ಚಿಕ್ಕ ಕೀ ಅಲ್ಲ. ಅಲ್ಲಿ ಎಣ್ಣೆಯ ಪಸೆ ಉಳಿದರೆ ಫ್ಲೈವೀಲ್ ಜಾರಿ ಕೀ ಕತ್ತರಿಸುತ್ತದೆ, ಟೈಮಿಂಗ್ ಹೋಗುತ್ತದೆ, ಬೈಕು ಕಿಕ್ಕಿಗೆ ಒದೆ ವಾಪಸು ಕೊಡಲು ಶುರುಮಾಡುತ್ತದೆ.

ಕಾಯಿಲ್ ಬಂದರೂ ಕೆಲಸ ಮುಗಿಯದು. ಅನೇಕ ಸ್ಟೇಟರ್‌ಗಳಲ್ಲಿ ಲೈಟಿಂಗ್ ಕಾಯಿಲ್ಲಿನ ಒಂದು ತುದಿ ಎಂಜಿನ್ ಬಾಡಿಗೆ ಅರ್ತ್ ಆಗಿರುತ್ತದೆ. ಹಾಗೇ ಬಿಟ್ಟರೆ ಅಲೆಯ ಅರ್ಧ ಮಾತ್ರ ಸಿಗುತ್ತದೆ, ಐಡಲ್‌ನಲ್ಲಿ ಎಲ್‌ಇಡಿ ಮಿಣುಕುತ್ತದೆ. ಆ ತುದಿಯನ್ನು ಅರ್ತ್‌ನಿಂದ ಬಿಡಿಸಿ, ಎರಡೂ ತುದಿಗಳನ್ನು ಎಸಿ ಕರೆಂಟನ್ನು ಡಿಸಿಗೆ ತಿರುಗಿಸುವ ಫುಲ್-ವೇವ್ ರೆಗ್ಯುಲೇಟರ್-ರೆಕ್ಟಿಫೈಯರ್‌ಗೆ ಕೊಡಬೇಕು. ಬಿಡಿಸದೆ ಫುಲ್-ವೇವ್ ಘಟಕ ಜೋಡಿಸಿದರೆ ರೆಕ್ಟಿಫೈಯರ್ ಸುಟ್ಟಂತೆಯೇ ಲೆಕ್ಕ. ಜೊತೆಗೆ ಪುಟ್ಟದೊಂದು ಲಿಥಿಯಂ ಬ್ಯಾಟರಿ ಇರಲಿ, ಇಲ್ಲದಿದ್ದರೆ ಐಡಲ್‌ನಲ್ಲಿ ಹಾರ್ನು ಒತ್ತಿದಾಗ ಹೆಡ್‌ಲೈಟು ಮಂಕಾಗುತ್ತದೆ. ತಪಾಸಣೆ ಮಾಡುವವರು ಎಂಜಿನ್ ನಿಲ್ಲಿಸಿ ಬ್ರೇಕ್ ಲೈಟು ಕೇಳಿದರೂ ಉತ್ತರ ಇರುತ್ತದೆ.

ಬೀಟಾ ಮತ್ತು ಕೆಟಿಎಂ ಎರಡಕ್ಕೂ ಎಲೆಕ್ಟ್ರಿಕ್ ಸ್ಟಾರ್ಟ್, ಬ್ಯಾಟರಿ, ಹೆಡ್‌ಲೈಟು ಮೊದಲೇ ಇವೆ. ಹೈ-ಲೋ ಬೀಮ್, ಹಾರ್ನು, ಬ್ರೇಕ್ ಸ್ವಿಚ್, ಪ್ಲೇಟ್ ಲೈಟು ಸೇರಿಸಿದರೆ ಒಂದು ವಾರಾಂತ್ಯದ ಕೆಲಸ. ಮುಂದಿನ ಬ್ರೇಕ್ ಸ್ವಿಚ್‌ಗೆ ಸುಲಭದ ದಾರಿ ಬ್ರೇಕ್ ಪೈಪನ್ನು ಹಿಡಿದಿಡುವ ಬ್ಯಾಂಜೋ ಬೋಲ್ಟಿನ ಜಾಗದಲ್ಲಿ ಪ್ರೆಷರ್ ಸ್ವಿಚ್ ಹಾಕುವುದು. ಎಡವುವುದು ಇಲ್ಲೇ: ಯಮಹಾ ಮತ್ತು ಬೀಟಾದ ನಿಸ್ಸಿನ್ ಮಾಸ್ಟರ್ ಸಿಲಿಂಡರಿಗೆ ಎಂ10×1.25 ಥ್ರೆಡ್ (10 ಮಿ.ಮೀ. ದಪ್ಪ, 1.25 ಮಿ.ಮೀ. ಅಂತರ) ಬೇಕು, ಕೆಟಿಎಂನ ಬ್ರೆಂಬೋಗೆ ಎಂ10×1.0. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಮೊದಲೆರಡು ಸುತ್ತು ಹೋಗಿಯೂಬಿಡುತ್ತವೆ. ಬೆರಳಿನಲ್ಲಿ ಸಲೀಸಾಗಿ ಕೊನೆತನಕ ತಿರುಗದಿದ್ದರೆ ಸ್ಪ್ಯಾನರ್ ಹಾಕಬೇಡಿ, ಅಲ್ಯೂಮಿನಿಯಂ ಥ್ರೆಡ್ ಒಮ್ಮೆ ಹೋದರೆ ಮಾಸ್ಟರ್ ಸಿಲಿಂಡರೇ ಹೋದಂತೆ. ಎಲ್‌ಇಡಿ ಇಂಡಿಕೇಟರ್‌ಗಳಿಗೆ ಎಲೆಕ್ಟ್ರಾನಿಕ್ ಫ್ಲಾಷರ್ ರಿಲೇ ತೆಗೆದುಕೊಳ್ಳಿ.

ಇನ್ನು ಆಯಿಲ್. ನಮ್ಮ ಆಯ್ಕೆಯನ್ನು ತೀರ್ಮಾನಿಸಿದ್ದು ಇದೇ. ಮೈಸೂರಿನ ಯೆಜ್ಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕಿದವರಿಗೂ, ಆಯಿಲ್ ಪಂಪ್ ಇದ್ದ ಆರ್‌ಎಕ್ಸ್100 ಓಡಿಸಿದವರಿಗೂ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ವೈಝಡ್ ಯೆಜ್ಡಿಯ ಜಾತಿ, ಬೀಟಾ ಆರ್‌ಎಕ್ಸ್‌ನದು, ಕೆಟಿಎಂ 2023ರ ಮಾಡೆಲ್‌ವರೆಗೆ ಕೊಟ್ಟ ಟಿಪಿಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಎರಡಕ್ಕೂ ಸೇರದು.

ವೈಝಡ್‌ನ 8 ಲೀಟರ್ ಟ್ಯಾಂಕಿಗೆ 40:1ರಲ್ಲಿ (40 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್) 200 ಮಿ.ಲೀ., ಕೈಪಿಡಿಯ 30:1ರಲ್ಲಿ ಸುಮಾರು 270 ಮಿ.ಲೀ. ಆಯಿಲ್ ಬೇಕು. ರಸ್ತೆಯಲ್ಲಿ ನೂರು ಕಿಲೋಮೀಟರಿನ ಆಸುಪಾಸಿಗೆ ಬಂಕು ಹುಡುಕಬೇಕಾದ್ದರಿಂದ ಆಯಿಲ್ ಬಾಟಲಿ ಬ್ಯಾಗಿನಲ್ಲಿ ಇರಲೇಬೇಕು. ಅಮೆರಿಕದ ಒಂದು ಗ್ಯಾಲನ್‌ಗೆ 40:1ರಲ್ಲಿ 95 ಮಿ.ಲೀ. ಎಂದು ಬಾಟಲಿಯ ಮೇಲೆ ಬರೆದಿಟ್ಟುಕೊಳ್ಳಿ. ನಿಜವಾದ ಅಪಾಯ ಬೇರೆ ಇದೆ. ಉದ್ದನೆಯ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ಗೇರಿನಲ್ಲೇ ಇಳಿದರೆ ಎಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಮಾತ್ರ ತೀರಾ ಕಡಿಮೆ ಹೋಗುತ್ತಿರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ. ಆಗಾಗ ಕ್ಲಚ್ ಹಿಡಿದು ಥ್ರಾಟಲ್ ಒಮ್ಮೆ ತಿರುವಿ ಬಿಡಬೇಕು.

ಬೀಟಾದಲ್ಲಿ ಕಾರ್ಬ್ಯುರೇಟರ್ ಉಂಟು, ಆಯಿಲ್ ಬೇರೆ ಟ್ಯಾಂಕಿನಿಂದ ಪಂಪ್ ಮೂಲಕ ಬರುತ್ತದೆ. ಬಂಕಿನಲ್ಲಿ ಬರೀ ಪೆಟ್ರೋಲ್ ತುಂಬಿ ಹೊರಡಬಹುದು. ಪಂಪಿನ ಬಗ್ಗೆ ಅನುಮಾನ ಬಂತೆನ್ನಿ, ಟ್ಯಾಂಕಿಗೇ 40:1 ಆಯಿಲ್ ಬೆರೆಸಿ ಮನೆ ಸೇರಬಹುದು. ಆಯಿಲ್ ಲೈನ್ ಬಿಚ್ಚಿ ಜೋಡಿಸಿದ ಮೇಲಂತೂ ಗಾಳಿ ತೆಗೆದು, ಮೊದಲ ಟ್ಯಾಂಕಿಗೆ ಒಂದಿಷ್ಟು ಆಯಿಲ್ ಬೆರೆಸಿ ಹಾಕುವುದು ಒಳ್ಳೆಯ ಅಭ್ಯಾಸ.

ಟಿಪಿಐನಲ್ಲಿ ಈ ಉಪಾಯ ನಡೆಯದು. ಅದರ ಇಂಜೆಕ್ಟರ್‌ಗಳು ಪೆಟ್ರೋಲನ್ನು ಚಿಮ್ಮಿಸುವುದು ಟ್ರಾನ್ಸ್‌ಫರ್ ಪೋರ್ಟಿನಲ್ಲಿ (ಕ್ರ್ಯಾಂಕ್‌ಕೇಸಿನಿಂದ ಸಿಲಿಂಡರಿಗೆ ಹೋಗುವ ದಾರಿ), ಕ್ರ್ಯಾಂಕ್‌ಕೇಸಿನ ಆಚೆ. ಕ್ರ್ಯಾಂಕ್ ಬೇರಿಂಗಿಗೆ ಬೇಕಾದ ಆಯಿಲ್ ಥ್ರಾಟಲ್ ಬಾಡಿಯ ಮೂಲಕ ಗಾಳಿಯ ಜೊತೆ ಹೋಗುತ್ತದೆ. ಪಂಪ್ ನಿಂತರೆ, ಟ್ಯಾಂಕಿನಲ್ಲಿ ಬೆರೆಸಿದ ಆಯಿಲಿನ ಬಹುಪಾಲು ಬೇರಿಂಗಿನ ಕಡೆ ಸುಳಿಯುವುದೇ ಇಲ್ಲ. ಆಯಿಲ್ ಟ್ಯಾಂಕ್ 0.7 ಲೀಟರಿನದು, ಹಲವು ಸಲ ಪೆಟ್ರೋಲ್ ತುಂಬಿಸುವಷ್ಟು ಬಾಳುತ್ತದೆ. ಅಷ್ಟು ಬಾಳುತ್ತದೆಂದೇ ಮರೆತುಹೋಗುತ್ತದೆ. ಬ್ಯಾಟರಿ ಸತ್ತರೆ ಎಲೆಕ್ಟ್ರಿಕ್ ಸ್ಟಾರ್ಟ್ ಕೆಲಸ ಮಾಡದು. ದೂರದ ಜಾಡಿಗೆ ಹೋಗುವವರು ಪುಟ್ಟ ಜಂಪ್ ಸ್ಟಾರ್ಟರ್ ಇಟ್ಟುಕೊಳ್ಳಲಿ.

ಹಾಗೆಂದು ಟಿಪಿಐಯನ್ನು ತಳ್ಳಿಹಾಕುವಂತಿಲ್ಲ. ಫೀನಿಕ್ಸ್ ಸಮುದ್ರಮಟ್ಟದಿಂದ 330 ಮೀಟರ್, ಫ್ಲ್ಯಾಗ್‌ಸ್ಟಾಫ್ 2,100. ಅಷ್ಟರಲ್ಲಿ ಗಾಳಿಯ ಸಾಂದ್ರತೆ ಸುಮಾರು ಆರನೇ ಒಂದು ಭಾಗ ಇಳಿಯುತ್ತದೆ. ಕೆಳಗೆ ಸರಿಯಿದ್ದ ಕಾರ್ಬ್ಯುರೇಟರ್ ಮೇಲೆ ರಿಚ್ ಆಗಿ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗಿ), ಎಂಜಿನ್ ತೊದಲುತ್ತದೆ, ಪ್ಲಗ್ ಕಪ್ಪಾಗುತ್ತದೆ. ಟಿಪಿಐ ಸೆನ್ಸರ್ ನೋಡಿಕೊಂಡು ತಾನೇ ಸರಿಮಾಡಿಕೊಳ್ಳುತ್ತದೆ, ಸವಾರನಿಗೆ ಸುಳಿವೂ ಸಿಗುವುದಿಲ್ಲ. ಕಾರ್ಬ್ಯುರೇಟರ್ ಬೈಕಿನವರು ದಾರಿಯ ಅತಿ ತಗ್ಗಿನ, ಅತಿ ತಣ್ಣಗಿನ ಜಾಗಕ್ಕೆ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಹೊಂದಿಸಬೇಕು. ಎತ್ತರದಲ್ಲಿ ರಿಚ್ ಆದರೆ ಪ್ಲಗ್ ಬದಲಿಸಿದರಾಯಿತು, ತಗ್ಗಿನಲ್ಲಿ ಲೀನ್ ಆದರೆ, ಅಂದರೆ ಪೆಟ್ರೋಲ್ ಸಾಲದಾದರೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ರಸ್ತೆಯ ವೇಗದಲ್ಲಿ ಥ್ರಾಟಲ್ ಅರ್ಧದ ಆಸುಪಾಸಿನಲ್ಲೇ ಇರುವುದರಿಂದ ಮೇನ್ ಜೆಟ್‌ಗಿಂತ ಕಾರ್ಬ್ಯುರೇಟರಿನ ಸೂಜಿಯ ಎತ್ತರ ನಿಲ್ಲಿಸುವ ನೀಡಲ್ ಕ್ಲಿಪ್ ಮುಖ್ಯ. ರಸ್ತೆ ಹೆಚ್ಚಿರುವ ದಿನ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಡಿ. ನೀಡಲ್ ಮೇಲೇರಿ ಮಿಶ್ರಣ ಕೊಂಚ ರಿಚ್ ಆಗುತ್ತದೆ.

ಗೇರಿಂಗ್‌ನಲ್ಲಿ ಯಮಹಾಕ್ಕೆ ಐದೇ ಗೇರು, ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲ. 80 ಕಿ.ಮೀ. ವೇಗ ದಾಟಿದ ಮೇಲೆ ಬೆರಳು ಜೋಮು ಹಿಡಿಯುತ್ತದೆ. ಬೀಟಾ, ಕೆಟಿಎಂಗಳಲ್ಲಿ ಆರು ಗೇರು, ಬ್ಯಾಲೆನ್ಸರೂ ಇದೆ, 90ರಲ್ಲಿ ನೆಮ್ಮದಿ. ಮುಂದಿನ ಸ್ಪ್ರಾಕೆಟ್ಟಿನ ಒಂದು ಹಲ್ಲು ಹಿಂದಿನ ಮೂರೂವರೆಗೆ ಸಮ. 14/50 (ಮುಂದೆ 14, ಹಿಂದೆ 50 ಹಲ್ಲು) ಇದ್ದದ್ದನ್ನು 15/48 ಮಾಡಿದರೆ ಅದೇ ವೇಗಕ್ಕೆ ಆರ್‌ಪಿಎಂ ಶೇ. 10ರಷ್ಟು ಇಳಿಯುತ್ತದೆ. 15/45ಕ್ಕೆ ಹೋದರೆ ಶೇ. 16, ಆದರೆ ಕಡಿದಾದ ಕಲ್ಲುದಾರಿಯಲ್ಲಿ ಮೊದಲ ಗೇರಿನಲ್ಲೂ ಕ್ಲಚ್ ತೇಯಬೇಕಾಗುತ್ತದೆ. 48ಕ್ಕೇ ನಿಲ್ಲುವುದು ಮೇಲು. 15ರ ಸ್ಪ್ರಾಕೆಟ್ ಹಾಕಿದ ಮೇಲೆ ಚೈನು ಕೇಸ್ ಗಾರ್ಡಿಗೆ ತಾಗುತ್ತದೆಯೇ ಎಂದು ಕೈಯಲ್ಲಿ ಚಕ್ರ ತಿರುಗಿಸಿ ನೋಡಿ. ಟೈರು ಜಾರದಂತೆ ರಿಮ್ಮಿಗೆ ಹಿಡಿದಿಡುವ ರಿಮ್ ಲಾಕಿನ ಎದುರು ಬದಿಯಲ್ಲಿ ಭಾರ ಕಟ್ಟಿ ಚಕ್ರ ಬ್ಯಾಲೆನ್ಸ್ ಮಾಡದಿದ್ದರೆ ಟಾರಿನಲ್ಲಿ ಮುಂಭಾಗ ಕುಣಿಯುತ್ತದೆ. ಎಂಜಿನ್ ವೈಬ್ರೇಷನ್ ಎಂದು ಬೈಸಿಕೊಳ್ಳುವ ನಡುಕದಲ್ಲಿ ಅರ್ಧ ಇದೇ.

ಪಿಸ್ಟನ್ ಆಯುಷ್ಯ ಎಣಿಸುವುದು ಗಂಟೆಯಲ್ಲಿ. 80 ಗಂಟೆ ಎಂದಿಟ್ಟುಕೊಂಡು ಸರಾಸರಿ 60 ಕಿ.ಮೀ. ವೇಗ ಹಿಡಿದರೆ 4,800 ಕಿ.ಮೀ. ಆಯಿತು. ದಿನಾ ಆಫೀಸಿಗೆ ಹೋಗಿಬರಲು ಈ ಬೈಕು ಕೊಳ್ಳುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಲಿ.

ನಮ್ಮ ಓಟು ಬೀಟಾಗೆ. ದಿನವೂ ಸಾವಿರಾರು ಮೀಟರ್ ಏರಿಳಿಯುವ ಯೂಟಾದ ಮೋಆಬ್, ಲಾ ಸಾಲ್ ಬೆಟ್ಟಗಳ ಕಡೆಯವರಾದರೆ ಟಿಪಿಐ. ಜಾಡಿನ ತನಕ ಹತ್ತು ಹದಿನೈದು ಕಿಲೋಮೀಟರ್ ಮಾತ್ರ ಟಾರು ಇದ್ದು, ಸ್ಪ್ಯಾನರ್ ಹಿಡಿಯುವುದರಲ್ಲಿ ಖುಷಿ ಇರುವವರಿಗೆ ಯಮಹಾ. ಯಾವುದೇ ಆಗಲಿ, ಹಳೆಯ ಬೈಕಾದರೆ ಹಣ ಕೊಡುವ ಮೊದಲು ಒಡೆತನದ ದಾಖಲೆಯಾದ ಟೈಟಲ್ ಕಾಗದವನ್ನು ಕೈಯಲ್ಲಿ ಹಿಡಿದು ಓದಿ. ಆಫ್-ರೋಡ್ ಬಳಕೆಗೆ ಮಾತ್ರ ಎಂಬ ಮುದ್ರೆ ಇದ್ದರೆ, ಆ ಪ್ರತಿಯನ್ನು ನಿಮ್ಮ ರಾಜ್ಯದ ನೋಂದಣಿ ಕಚೇರಿಗೆ ತೋರಿಸಿ ಉತ್ತರ ಪಡೆದ ಮೇಲೆ ಸ್ಟೇಟರ್, ಹಾರ್ನು ಆರ್ಡರ್ ಮಾಡಿ.